ಶುಕ್ರವಾರ ಕಟ್ಟಬೇಕಿದ್ದ ದಾರ

ನಮ್ಮವರು ತೀರಿಕೊಂಡ ದಿನ ನನ್ನ ಕುತ್ತಿಗೆಯಲ್ಲಿ ತಾಳಿ ಇರಲಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಎರಡು ದಿನ ಮುಂಚೆ, ಸೋಮವಾರ ಸಂಜೆ, ಅದನ್ನು ತೆಗೆದಿದ್ದೆವು. ತೆಗೆದವರು ಅವರೇ, ತೆಗೆಯಲು ಹೇಳಿದವರು ಶಿವಮೊಗ್ಗದ ಚರ್ಮದ ಡಾಕ್ಟರು. ಹೀಗೆ ಹೇಳಿದರೆ ಯಾರ ತಪ್ಪೂ ಕಾಣುವುದಿಲ್ಲ. ಆದರೆ ಅವರು ಹೋದ ಮೇಲೆ ಹನ್ನೊಂದು ದಿನ ನಾನು ಒಂದೇ ಒಂದು ಮಾತಿಗೆ ಕಾದು ಕೂತಿದ್ದೆ. 'ನೀನು ತೆಗೆದಿಟ್ಟೆ, ಅದಕ್ಕೇ ನನ್ನ ಮಗ ಹೋದ' ಎಂದು ನಮ್ಮತ್ತೆ ಯಾವಾಗ ಅನ್ನುತ್ತಾರೋ ಎಂದು.

ಇದೆಲ್ಲ ಶುರುವಾದದ್ದು ಸರಗಳ್ಳರಿಂದ. ನಮ್ಮ ಮನೆ ಭದ್ರಾವತಿಯಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದಿನ ಬೀದಿ. ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲ ಮುಂದೆ ಬಗ್ಗಿ ರಂಗೋಲಿ ಇಡುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ವಿಳಾಸ ಕೇಳಿದ ಹಾಗೆ ಮಾಡಿ ಸರ ಕಿತ್ತುಕೊಂಡು ಹೋದರು. ಆಕೆಯ ಕೈಯಲ್ಲಿ ರಂಗೋಲಿ ಪುಡಿ ಹಾಗೆಯೇ ಇತ್ತು. ನಮ್ಮವರು ಅದೇ ವಾರ ನನ್ನ ಚಿನ್ನದ ಸರವನ್ನು ಬಿಚ್ಚಿಸಿ ಬ್ಯಾಂಕಿನ ಲಾಕರಿಗೆ ಹಾಕಿ ಬಂದರು. "ಮಗಳ ಮದುವೆಗೆ ಇರ್ಲಿ ಮಾರಾಯ್ತಿ. ನಿನ್ನ ಕುತ್ತಿಗೆ ಉಳಿದ್ರೆ ಸಾಕು" ಅಂದರು. ಅದರ ಬದಲಿಗೆ ಶಿವಮೊಗ್ಗದ ಬಜಾರಿನಿಂದ ಒಂದು ಗ್ರಾಂ ಗೋಲ್ಡಿನ ಕರಿಮಣಿ ಸರ ತಂದರು. ನೋಡಲು ಥೇಟ್ ಚಿನ್ನವೇ. ತಾಳಿಯ ಎರಡು ಬೊಟ್ಟುಗಳನ್ನು ಅದಕ್ಕೆ ಪೋಣಿಸಿಕೊಂಡೆ. ನಮ್ಮ ಬೀದಿಯಲ್ಲಿ ಆಗ ಎಲ್ಲರ ಕುತ್ತಿಗೆಯಲ್ಲೂ ಅಂಥದ್ದೇ ಸರ. ಚಿನ್ನವೆಲ್ಲ ಬ್ಯಾಂಕಿನಲ್ಲಿ, ನಕಲಿಯೆಲ್ಲ ನಮ್ಮ ಮೈಮೇಲೆ.

ನನ್ನದು ಸೀರೆಗೆ ಕುಚ್ಚು ಕಟ್ಟುವ ಕೆಲಸ. ದಿನವಿಡೀ ಕತ್ತು ಬಗ್ಗಿಸಿ ಸೆರಗಿನ ಎಳೆಗಳನ್ನು ಗಂಟು ಹಾಕುತ್ತಾ ಕೂರಬೇಕು. ಬೇಸಿಗೆಯಲ್ಲಿ ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿರುತ್ತದೆ. ಸರ ಹಾಕಿಕೊಂಡ ಮೂರು ನಾಲ್ಕು ತಿಂಗಳಿಗೆ ಅದರ ಹೊಳಪು ಮಾಸಿತು, ಕತ್ತಿನ ಹಿಂದೆ ನವೆ ಶುರುವಾಯಿತು. ಮೊದಲು ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿದೆ. ಆಮೇಲೆ ಸೋಪು ಬದಲಾಯಿಸಿದೆ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ, ಅರಿಶಿನ, ಯಾವುದನ್ನೂ ಬಿಡಲಿಲ್ಲ. ಸಣ್ಣ ಗುಳ್ಳೆಗಳೆದ್ದವು, ಒಡೆದವು, ನೀರು ಸೋರಿತು, ಚರ್ಮ ಕಪ್ಪಾಗಿ ದಪ್ಪವಾಯಿತು. ಕುಚ್ಚಿಗೆ ಸೀರೆ ಕೊಡಲು ಬಂದವರ ಕಣ್ಣು ಮೊದಲು ನನ್ನ ಕತ್ತಿಗೇ ಹೋಗುತ್ತಿತ್ತು. ಇಬ್ಬರು ಕೊಟ್ಟ ಸೀರೆಯನ್ನು ಏನೋ ನೆಪ ಹೇಳಿ ವಾಪಸ್ಸು ತೆಗೆದುಕೊಂಡು ಹೋದರು. ಅಂಟುರೋಗ ಎಂದು ಹೆದರಿದ್ದು ಮುಖದಲ್ಲೇ ಕಾಣುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಕುಚ್ಚು ಕಟ್ಟೋದು ಕೈಯಲ್ಲಿ, ಕುತ್ತಿಗೇಲಲ್ಲ" ಎಂದು ಹಿಂದಿನಿಂದ ಕೂಗಿ ಹೇಳಿದೆ. ಅವರು ಮತ್ತೆ ಬರಲಿಲ್ಲ.

ಒಂದು ದಿನ ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತೆ ನೋಡಿದರು. ನೋಡಿದವರೇ ಬಾಯಿ ಮುಚ್ಚಿಕೊಂಡರು.

"ಅಯ್ಯೋ ಶಿವನೇ, ಇದು ಸರ್ಪಸುತ್ತು ಕಣೇ! ಎಷ್ಟು ದಿನದಿಂದ ಮುಚ್ಚಿಟ್ಟಿದೀಯ? ತಲೆ ಬಾಲ ಸೇರಿದ್ರೆ ಮುಗೀತು ಕಥೆ!"

ನಮ್ಮ ಕಡೆ ಹಾಗೆ ನಂಬುತ್ತಾರೆ. ಸರ್ಪಸುತ್ತಿನ ಗುಳ್ಳೆಗಳು ಹಾವಿನ ಹಾಗೆ ಮೈಯನ್ನು ಸುತ್ತುತ್ತಾ ಹೋಗಿ, ಎರಡು ತುದಿ ಸೇರಿದರೆ ಆ ಮನುಷ್ಯ ಉಳಿಯುವುದಿಲ್ಲ ಎಂದು. ನನ್ನ ಕುತ್ತಿಗೆಯಲ್ಲಿ ಎರಡು ತುದಿ ಯಾವತ್ತೋ ಸೇರಿಯಾಗಿತ್ತು. ಸರ ಅಂದಮೇಲೆ ಸುತ್ತಲೇಬೇಕಲ್ಲ! ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅತ್ತೆ ಅವತ್ತೇ ನನ್ನನ್ನು ಹಳೇನಗರದ ಒಬ್ಬ ಅಜ್ಜಿಯ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋದರು. ಆ ಅಜ್ಜಿ ಕೆಮ್ಮಣ್ಣು ಕಲಸಿ, ಬಾಯಲ್ಲಿ ಏನೋ ಗೊಣಗುತ್ತಾ, ಕುತ್ತಿಗೆಯ ಸುತ್ತ ದಪ್ಪಗೆ ಬಳಿದರು. ಬಳಿಯುವಾಗ ಸರ ಅಡ್ಡ ಬರುತ್ತಿತ್ತು. ಅದನ್ನು ಎತ್ತಿ ಹಿಡಿದುಕೊಳ್ಳಲು ಅತ್ತೆಗೆ ಹೇಳಿದರು. ಬಳಿದಾದ ಮೇಲೆ ಅತ್ತೆ ಸರವನ್ನು ಮತ್ತೆ ಕೆಮ್ಮಣ್ಣಿನ ಮೇಲೆ ಬಿಟ್ಟರು. ಹೀಗೆ ಮೂರು ಮಂಗಳವಾರ ಹೋಗಿಬಂದೆವು. ನಾಗರಕಲ್ಲಿಗೆ ಹಾಲನ್ನೂ ಹಾಕಿದೆವು. ಅತ್ತೆ ನನಗೋಸ್ಕರ ಒಂಬತ್ತು ವಾರ ಒಪ್ಪೊತ್ತು ಊಟ ಮಾಡಿದರು. ನವೆ ಮಾತ್ರ ಇದ್ದ ಹಾಗೆಯೇ ಇತ್ತು.

ಕಂಡುಹಿಡಿದದ್ದು ಮಗಳು. ಶಿವಮೊಗ್ಗದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ಭಾನುವಾರ ನನ್ನ ಕತ್ತಿಗೆ ಎಣ್ಣೆ ಹಚ್ಚಲು ಕೂತವಳು ನಗಲು ಶುರು ಮಾಡಿದಳು.

"ಅಮ್ಮಾ, ನಿನ್ನ ಹಾವಿಗೆ ಹುಕ್ ಬೇರೆ ಇದೆ ನೋಡು."

ನಿಜ. ಕತ್ತಿನ ಹಿಂದೆ, ಸರದ ಕೊಂಡಿ ಕೂರುವ ಜಾಗದಲ್ಲಿ, ಕೊಂಡಿಯ ಆಕಾರದಲ್ಲೇ ಗಾಯವಾಗಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಅಚ್ಚು ಒತ್ತಿದ ಹಾಗಿತ್ತು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಒಂಬತ್ತು ತಿಂಗಳು ಕೆರೆದುಕೊಂಡು, ಮೂರು ಮಂಗಳವಾರ ಮಣ್ಣು ಮೆತ್ತಿಸಿಕೊಂಡು, ಕಾರಣ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಮಾರನೆಯ ದಿನವೇ ನಮ್ಮವರು ಅರ್ಧ ದಿನ ರಜೆ ಹಾಕಿ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಹೆಚ್ಚು ಕಡಿಮೆ ನನ್ನ ವಯಸ್ಸಿನ ಹೆಂಗಸು. ಬಗ್ಗಿ ಒಂದು ಸಲ ನೋಡಿದರು, ಅಷ್ಟೇ.

"ಸರ್ಪಸುತ್ತು ಮೈಯ ಒಂದು ಪಕ್ಕಕ್ಕೆ ಬರುತ್ತೆ. ಹೀಗೆ ಅಳತೆ ತಗೊಂಡು ಸುತ್ತಲ್ಲ" ಅಂದರು. "ಇದು ನಿಕಲ್ ಅಲರ್ಜಿ. ಪಾಲಿಷ್ ಹೋದ ಮೇಲೆ ಒಳಗಿನ ಲೋಹ ಚರ್ಮಕ್ಕೆ ತಾಗ್ತಾ ಇದೆ. ಸರ ತೆಗೀರಿ. ಮೊದಲ ಔಷಧಿ ಅದೇ, ಮುಲಾಮು ಆಮೇಲೆ."

"ಅದ್ರಲ್ಲಿ ತಾಳಿ ಇದೆ ಮೇಡಂ."

"ಅರಿಶಿನ ದಾರಕ್ಕೆ ಹಾಕ್ಕೊಳ್ಳಿ. ಇವತ್ತೇ."

ಅವರ ಬಿಳಿ ಕೋಟಿನ ಒಳಗೂ ಒಂದು ಕರಿಮಣಿ ಇಣುಕುತ್ತಿತ್ತು. ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದಿಲ್ಲ, ಆ ಲೋಹದಿಂದ ದೂರ ಇರುವುದೊಂದೇ ದಾರಿ ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ರೂಮಿನ ಬಾಗಿಲು ಮುಂದೆ ಮಾಡಿ ನಾನು ಮಂಚದ ಮೇಲೆ ಕೂತೆ. "ಅತ್ತೆಗೆ ಹೇಳ್ಬೇಡಿ. ದಾರ ಕಟ್ಟಿದ ಮೇಲೆ ನಾನೇ ಹೇಳ್ತೀನಿ. ಬರಿ ಕುತ್ತಿಗೆ ನೋಡಿದ್ರೆ ಎದೆ ಒಡ್ಕೋತಾರೆ" ಅಂದೆ.

"ಆಯ್ತು ಬಿಡು."

"ತೆಗೆದ್ರೆ ನಿಮಗೇನೂ ಆಗಲ್ವಾ?"

"ಲೇ ಮಾರಾಯ್ತಿ, ನಾನೇನು ಅದ್ರಲ್ಲಿ ನೇತಾಡ್ತಾ ಇದೀನಾ?"

ಹೀಗಂದು ನಗುತ್ತಾ ಕೊಂಡಿ ಬಿಚ್ಚಿದರು. ಅವರು ಫಿಟ್ಟರ್. ಕಾರ್ಖಾನೆ ಮುಚ್ಚಿದ ಮೇಲೆ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿದ್ದರು. ಚೀಲದಿಂದ ಸಣ್ಣ ಅರ ತೆಗೆದು ಕೊಂಡಿಯನ್ನು ಎರಡು ಸಲ ಉಜ್ಜಿದರು. ಹಳದಿ ಹೋಗಿ ಬೆಳ್ಳಗೆ ಏನೋ ಕಾಣಿಸಿತು. ಅದನ್ನು ದೀಪಕ್ಕೆ ಹಿಡಿದು ನೋಡಿದರು.

"ಇಪ್ಪತ್ತೈದು ವರ್ಷ ಲೋಹದ ಜೊತೆಗೇ ಇದೀನಿ. ಪ್ಲೇಟಿಂಗ್ ಕೆಳಗೆ ನಿಕಲ್ ಕೊಡ್ತಾರೆ ಅಂತ ನನಗೆ ಗೊತ್ತಿಲ್ವಾ? ಗೊತ್ತು. ನಿನ್ನ ಕುತ್ತಿಗೆ ನೋಡಿ ಮಾತ್ರ ಹೊಳೀಲಿಲ್ಲ ನೋಡು" ಅಂದರು. ಆಮೇಲೆ ಮುಲಾಮು ಹಚ್ಚಿದರು. ಒರಟು ಬೆರಳು, ಆದರೂ ಹಗುರವಾಗಿ ಹಚ್ಚಿದರು. ಸರವನ್ನು ದೇವರ ಗೂಡಿನಲ್ಲಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆಂದು ನನ್ನ ಕುಚ್ಚಿನ ರೇಷ್ಮೆ ದಾರದ ಡಬ್ಬಿಯಲ್ಲಿ ಹಾಕಿಟ್ಟರು. ಅರಿಶಿನ ದಾರ ಹುಡುಕುತ್ತೇನೆಂದು ಹೊರಗೆ ಹೋದವರು ಸ್ವಲ್ಪ ಹೊತ್ತು ಬಿಟ್ಟು ಬರಿಗೈಯಲ್ಲಿ ಬಂದರು.

"ಶುಕ್ರವಾರ ದೇವಸ್ಥಾನದಲ್ಲಿ ಕಟ್ತೀನಿ. ಅಲ್ಲೀವರೆಗೂ ಸೆರಗು ಹೊದ್ಕೊಂಡಿರು."

ಮಂಗಳವಾರ ಕಳೆಯಿತು. ಬುಧವಾರ ಮಧ್ಯಾಹ್ನ ನಾನು ಯಾರದೋ ಮದುವೆಯ ಸೀರೆಗೆ ಕುಚ್ಚು ಕಟ್ಟುತ್ತಿದ್ದಾಗ ವರ್ಕ್‌ಶಾಪಿನಿಂದ ಫೋನ್ ಬಂತು. ಎದೆನೋವು ಅಂದರಂತೆ, ಕೂತರಂತೆ, ಕೂತಲ್ಲೇ ವಾಲಿದರಂತೆ. ಶಿವಮೊಗ್ಗದ ಆಸ್ಪತ್ರೆಗೆ ಒಯ್ದಿದ್ದರು. ನಾನು ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕಾಲೇಜಿನಿಂದ ನೇರವಾಗಿ ಬಂದಿದ್ದ ಮಗಳು ವರಾಂಡದಲ್ಲಿ ನನ್ನನ್ನು ಕಂಡು ಓಡಿಬಂದು ತಬ್ಬಿಕೊಂಡಳು. ಒಳಗೆ ಹೋಗಿ ನೋಡಿದೆ. ಅವರ ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು. ಮೊದಲು ನನ್ನ ಕೈ ಹೋದದ್ದು ಅವರ ಕಡೆಗಲ್ಲ, ನನ್ನ ಕುತ್ತಿಗೆಗೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಳು ಬರಲಿಲ್ಲ. ಏನೂ ಅನಿಸಲಿಲ್ಲ. ಅಲ್ಲಿದ್ದ ಕುರ್ಚಿಗಳನ್ನು ಎಣಿಸಿದೆ, ಹನ್ನೆರಡಿದ್ದವು.

ಹೈದರಾಬಾದಿನಲ್ಲಿದ್ದ ಮೈದುನ ಬೆಳಿಗ್ಗೆಯ ವಿಮಾನಕ್ಕೆ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬಂದಿಳಿಯುವವರೆಗೆ ಕಾಯಬೇಕಿತ್ತು. ಹಾಗಾಗಿ ನಮ್ಮವರನ್ನು ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದರು. ಕುಂಸಿಯಿಂದ ಚಿಕ್ಕತ್ತೆ ಬಂದರು, ಅಂದರೆ ನಮ್ಮತ್ತೆಯ ತಂಗಿ. ಶಾಸ್ತ್ರದ ವಿಷಯದಲ್ಲಿ ಮನೆತನಕ್ಕೆಲ್ಲ ಅವರದ್ದೇ ಮಾತು. ನಮ್ಮಲ್ಲಿ ಹನ್ನೊಂದನೆಯ ದಿನದವರೆಗೆ ಹೆಂಡತಿಗೆ ಎಲ್ಲಾ ಇರಬೇಕು. ಬಂದ ಹೆಂಗಸರು ಕುಂಕುಮ ಇಡುತ್ತಾರೆ, ಹೂ ಮುಡಿಸುತ್ತಾರೆ, ಬಳೆ ತೊಡಿಸುತ್ತಾರೆ. ಹನ್ನೊಂದನೆಯ ದಿನ ಒಂದೊಂದಾಗಿ ತೆಗೆಯುತ್ತಾರೆ. ಚಿಕ್ಕತ್ತೆ ನನಗೆ ಹೂ ಮುಡಿಸಲು ಸೆರಗು ಸರಿಸಿದರು. ಕೈ ಅಲ್ಲೇ ನಿಂತಿತು.

"ತಾಳಿ ಎಲ್ಲೇ?"

ಇಡೀ ನಡುಮನೆ ತಿರುಗಿ ನೋಡಿತು. ಮಗನ ತಲೆಯ ಹತ್ತಿರ ಕೂತಿದ್ದ ಅತ್ತೆ ತಲೆ ಎತ್ತದೆ ಅಂದರು: "ಸ್ನಾನಕ್ಕೆ ಹೋಗೋವಾಗ ತೆಗೆದಿಟ್ಟಿರ್ತಾಳೆ. ತಗಂಬಾರೇ ಪುಟ್ಟಿ, ಎಲ್ಲಿಟ್ಟಿದಾಳೆ ನೋಡಿ."

ಮಗಳು ಎದ್ದು ನಿಂತಳು, ಆದರೆ ಹೋಗಲಿಲ್ಲ. "ಅಮ್ಮಂಗೆ ಅಲರ್ಜಿ ಅಜ್ಜಿ. ಆ ಸರ ಹಾಕ್ಲೇಬಾರದು ಅಂತ ಡಾಕ್ಟರು ಹೇಳಿದಾರೆ. ಹಾಕ್ಲೇಬೇಕಂದ್ರೆ ದಾರಕ್ಕೆ ಹಾಕಿ" ಅಂದಳು.

"ಹೆಣ ಮಲಗಿರೋ ಮನೇಲಿ ಹೊಸ ದಾರ ಕಟ್ಟಕ್ಕಾಗುತ್ತಾ? ಏನು ಮಾತು ಅಂತ ಆಡ್ತೀಯ?" ಅಂದರು ಚಿಕ್ಕತ್ತೆ.

"ಹಂಗಾದ್ರೆ ಏನೂ ಬೇಡ."

"ಬರಿ ಕುತ್ತಿಗೇಲಿ ಕೂತ್ರೆ ಹನ್ನೊಂದನೇ ದಿನ ಏನನ್ನ ತೆಗೀತಾರೆ? ಹತ್ತು ದಿನ ಹಾಕ್ಕೊಂಡ್ರೆ ಯಾರೂ ಸಾಯಲ್ಲ."

ಅಂದ ಮೇಲೆ ತಾವೇ ತುಟಿ ಕಚ್ಚಿಕೊಂಡರು. ಮಗಳು ದಾರದ ಡಬ್ಬಿಯಿಂದ ಸರ ತಂದುಕೊಟ್ಟಳು. ತೆಗೆಯುವುದಕ್ಕೋಸ್ಕರ ಹಾಕಿದರು. ಎರಡು ದಿನದ ಮುಲಾಮಿಗೆ ಆಗತಾನೇ ಒಣಗುತ್ತಿದ್ದ ಗಾಯದ ಮೇಲೆ, ನಮ್ಮವರು ಅರದಿಂದ ಉಜ್ಜಿದ್ದ ಕೊಂಡಿ ಬಂದು ಕೂತಿತು. ಮುಂಚೆ ತುಸುವಾದರೂ ಪಾಲಿಷ್ ಇತ್ತು, ಈಗ ಅದೂ ಇರಲಿಲ್ಲ. ನಾನು ಬೇಡ ಅನ್ನಬಹುದಿತ್ತು. ಎಲ್ಲದಕ್ಕೂ ತಿರುಗಿ ಮಾತಾಡುವವಳು ನಾನು, ಅವತ್ತು ಕುರಿಯ ಹಾಗೆ ಕತ್ತು ಬಗ್ಗಿಸಿದೆ. ಬೇಡ ಅಂದರೆ ಯಾವಾಗ ತೆಗೆದೆ ಎಂದು ಕೇಳುತ್ತಾರೆ. ಸೋಮವಾರ ಅನ್ನಬೇಕಾಗುತ್ತದೆ. ಅತ್ತೆ ಲೆಕ್ಕ ಹಾಕುತ್ತಾರೆ.

ಆ ಹತ್ತು ದಿನ ನನಗೆ ಗೊತ್ತಾಗುತ್ತಿದ್ದದ್ದು ನವೆ ಒಂದೇ. ಜನ ಬರುತ್ತಿದ್ದರು, ನನ್ನ ಕೈ ಹಿಡಿದು ಅಳುತ್ತಿದ್ದರು, ಹೋಗುತ್ತಿದ್ದರು. ಅವರು ಏನು ಹೇಳುತ್ತಿದ್ದಾರೆಂದು ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ. ಅನ್ನಕ್ಕೆ ರುಚಿ ಇರಲಿಲ್ಲ, ನೀರು ತಣ್ಣಗಿದೆಯೋ ಬಿಸಿಯೋ ಎಂದೂ ತಿಳಿಯುತ್ತಿರಲಿಲ್ಲ. ಕುತ್ತಿಗೆ ಒಂದು ಮಾತ್ರ ಬದುಕಿತ್ತು. ಅಡುಗೆಮನೆಯಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಒಂದು ಹನಿ ಕಣ್ಣೀರಿಲ್ಲ ನೋಡು. ಕುತ್ತಿಗೆ ಕೆರ್ಕೊಂಡು ಕೂತಿದಾಳೆ." ಮುಂಚೆ ಆಗಿದ್ದರೆ ಎದ್ದು ಹೋಗಿ ಜಾಡಿಸಿ ಬರುತ್ತಿದ್ದೆ. ಅವರು ಹೇಳಿದ್ದು ಸರಿಯಾಗೇ ಇದೆ ಅನಿಸಿ ಸುಮ್ಮನಾದೆ.

ನಾಲ್ಕನೆಯ ದಿನ ಮಗಳು ತನ್ನ ಚೀಲದಿಂದ ಬಣ್ಣವಿಲ್ಲದ ನೇಲ್ ಪಾಲಿಷ್ ತೆಗೆದು ಕೊಂಡಿಗೆ ಬಳಿದಳು. ಲೋಹ ತಾಗದಂತೆ ಕಾಲೇಜಿನ ಹುಡುಗಿಯರು ಓಲೆಯ ಕಡ್ಡಿಗೆ ಹೀಗೆ ಮಾಡುತ್ತಾರಂತೆ. ವಾಸನೆಗೆ ಚಿಕ್ಕತ್ತೆ ಓಡಿಬಂದರು. "ಸೂತಕದ ಮನೇಲಿ ನೇಲ್ ಪಾಲಿಷಾ! ಯಾವ ಕಾಲ ಬಂತಪ್ಪಾ!" ಮಗಳು ಬಾಟಲಿ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಅತ್ತಳು. ಅವಳ ಹಿಂದೆ ಹೋಗಬೇಕೆಂದು ನನಗೆ ಅನಿಸಿತು, ಆದರೆ ಕೂತಲ್ಲೇ ಇದ್ದೆ.

ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಒಂದು ಕಡೆ ಗೋಡೆಗೆ ಒರಗಿದರೆ ಅವರು ಇನ್ನೊಂದು ಕಡೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಕಾಫಿ ಕೊಟ್ಟರೆ ಮುಖ ತಿರುಗಿಸಿಯೇ ತೆಗೆದುಕೊಳ್ಳುತ್ತಿದ್ದರು. ಸರ ಯಾವಾಗ ತೆಗೆದದ್ದೆಂದು ಅವರಿಗೆ ಯಾರಿಂದಲೋ ಗೊತ್ತಾಗಿರಬೇಕು, ಜನ ಕರಗಲಿ ಎಂದು ಕಾಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅಂಥ ಮಾತನ್ನು ನಾನು ನಂಬುವವಳಲ್ಲ. ಹಾಗಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಸೋಮವಾರ, ಮಂಗಳವಾರ, ಬುಧವಾರ ಎಂದು ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಇವರು ಬಾಯಿಬಿಟ್ಟು ಬೈದರೆ ಒಂದು ಕಡೆ ಆಗುತ್ತದೆ ಅನಿಸುತ್ತಿತ್ತು. ಅವರು ಬೈಯಲಿಲ್ಲ.

ಹನ್ನೊಂದನೆಯ ದಿನ ಗಂಡಸರು ಹೊಳೆಯ ಕಡೆ ಹೋದ ಮೇಲೆ ನನ್ನನ್ನು ಹಿತ್ತಲಿನಲ್ಲಿ ಮಣೆಯ ಮೇಲೆ ಕೂರಿಸಿದರು. ಹೂ ತೆಗೆದರು, ಬಳೆ ತೆಗೆದರು, ಕಾಲುಂಗುರ ತೆಗೆದರು. ತಾಳಿ ತೆಗೆಯಲು ಬಂದವರು ಚಿಕ್ಕತ್ತೆ. ಅವರೂ ಗಂಡನನ್ನು ಕಳೆದುಕೊಂಡವರೇ. ಕೊಂಡಿ ಬಿಚ್ಚಲು ಕೈಹಾಕಿದರೆ ಬರಲಿಲ್ಲ. ಕೀವು ಒಣಗಿ ಸರ ಚರ್ಮಕ್ಕೆ ಅಂಟಿಕೊಂಡಿತ್ತು. ಅವರು ಬಗ್ಗಿ ನೋಡಿದರು. "ಅಯ್ಯೋ ನನ್ನವ್ವ, ಏನಾಗಿದೆ ಇದು! ಒಂದು ಮಾತು ಹೇಳ್ಬಾರದೇನೇ?" ಅಂದರು. ಮಗಳು ಹೇಳಿದ್ದಳಲ್ಲ ಎಂದು ಅನ್ನಲಿಲ್ಲ. ನೀರು ಹಾಕಿ ನೆನೆಸಿ, ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಬಿಡಿಸುತ್ತಾ ಅವರೇ ಅತ್ತರು. ನನಗೆ ಸರ ಹೋದದ್ದಷ್ಟೇ ಗೊತ್ತಾಯಿತು, ಹಾಯೆನಿಸಿತು. ಅವತ್ತು, ಆ ಹೊತ್ತಿನಲ್ಲಿ ಹಾಯೆನಿಸಿತಲ್ಲ ಎಂದು ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಊಟ ಮುಗಿದು ಮೂರು ಗಂಟೆಯ ಹೊತ್ತಿಗೆ ನೆಂಟರೆಲ್ಲ ಹೊರಟುಹೋದರು. ಮಗಳು ಚಿಕ್ಕತ್ತೆಯನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದಳು. ನಾನು ರೂಮಿನಲ್ಲಿ ಕನ್ನಡಿಗೆ ಬೆನ್ನು ಹಾಕಿ ಮುಲಾಮು ಹಚ್ಚಿಕೊಳ್ಳಲು ನೋಡುತ್ತಿದ್ದೆ, ಕತ್ತಿನ ಹಿಂದಕ್ಕೆ ಕೈ ಸರಿಯಾಗಿ ಎಟುಕುತ್ತಿರಲಿಲ್ಲ. ಅತ್ತೆ ಬಂದರು. ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಕೂತರು. ಈಗ ಹೇಳುತ್ತಾರೆ ಅಂದುಕೊಂಡೆ. ಕಣ್ಣು ಮುಚ್ಚಿದೆ.

"ಅವ್ನು ನಂಗೆ ಹೇಳಿದ್ದ ಕಣೇ" ಅಂದರು.

"ಏನು ಅತ್ತೆ?"

"ಸರ ತೆಗೆದಿದ್ದು. ಸೋಮವಾರ ತೆಗೆದ ತಕ್ಷಣ ಅಡುಗೆಮನೆಗೆ ಬಂದು ಹೇಳ್ದ. ಅವ್ನ ಹೊಟ್ಟೇಲಿ ಯಾವ ಮಾತು ತಾನೇ ನಿಂತಿತ್ತು? ಅರಿಶಿನ ದಾರ ಎಲ್ಲಿದೆ ಅಮ್ಮಾ, ಈಗಲೇ ಕಟ್ಬಿಡ್ತೀನಿ ಅಂದ." ಮುಲಾಮು ಹಚ್ಚುತ್ತಿದ್ದ ಬೆರಳು ನಿಂತಿತು. "ನಾನೇ ಬೇಡ ಅಂದೆ. ಹೊತ್ತು ಮುಳುಗಿದೆ, ನಾಳೆ ಮಂಗಳವಾರ, ಶುಕ್ರವಾರ ಒಳ್ಳೇ ದಿನ, ಅವತ್ತು ಕಟ್ಟು ಅಂದೆ. ದಾರ ನನ್ನ ಕೈಯಲ್ಲೇ ಇತ್ತು. ಅವತ್ತೇ ಕಟ್ಟಿಸಿದ್ರೆ ನನ್ನ ಮಗ ಉಳೀತಿದ್ನೇನೋ. ನೀನು ಯಾವಾಗ ಕೇಳ್ತೀಯೋ ಅಂತ ಹನ್ನೊಂದು ದಿನದಿಂದ ಕಾಯ್ತಾ ಇದೀನಿ. ಮುಖ ಕೊಟ್ಟು ನೋಡಕ್ಕೇ ಆಗ್ಲಿಲ್ಲ ನಂಗೆ. ಕೇಳ್ಬಿಡೇ. ಬೈದುಬಿಡು."

ನಾನು ತಿರುಗಿ ಕೂತೆ. ಹನ್ನೊಂದು ದಿನ ಎಲ್ಲಿ ಹೋಗಿತ್ತೋ, ನನ್ನ ಸಿಟ್ಟು ವಾಪಸ್ಸು ಬಂತು.

"ಏನು ಮಾತು ಅಂತ ಆಡ್ತೀರ ಅತ್ತೆ? ಅವ್ರ ಹಾರ್ಟು ನಿಂತಿದ್ದು. ಅದಕ್ಕೂ ಕುತ್ತಿಗೇಲಿರೋ ದಾರಕ್ಕೂ ಏನು ಸಂಬಂಧ? ನೀವು ಶುಕ್ರವಾರ ಅಂದ್ರೆ ತಪ್ಪಾಯ್ತಾ? ನಿಮ್ಮದೇನೂ ತಪ್ಪಿಲ್ಲ. ಇನ್ನೊಂದು ಸಲ ಹೀಗಂದ್ರೆ ನೋಡಿ!"

ಜೋರಾಗಿಯೇ ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಟ್ಯೂಬಿನ ಮುಚ್ಚಳ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಹಂಗಾರೆ ನಿಂದೂ ಇಲ್ಲ ಬಿಡು" ಅಂದರು.

ಆಗ ನನಗೆ ಅಳು ಬಂತು. ಬಾಯಿ ತೆರೆದು, ಬೀದಿಗೆ ಕೇಳುವ ಹಾಗೆ ಅತ್ತುಬಿಟ್ಟೆ. ಕಣ್ಣೀರು ಗಲ್ಲದಿಂದ ಕುತ್ತಿಗೆಗಿಳಿದು ಹಸಿಗಾಯಕ್ಕೆ ತಾಗಿ ಚುರುಚುರು ಉರಿಯಿತು. ಅತ್ತೆ ಅದನ್ನು ಒರೆಸಲು ಬಂದರು. ಇರಲಿ ಬಿಡಿ ಅಂದೆ.